3 ಟಿಬಿ ಡಿಸ್ಕ್, ತೋರಿಸಿದ್ದು 746 ಜಿಬಿ

ಡಿಸ್ಕಿನ ಲೇಬಲ್ ಮೇಲೆ 3 ಟಿಬಿ ಎಂದು ಅಚ್ಚಾಗಿತ್ತು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಮಾತ್ರ 746.52 ಜಿಬಿ ಎನ್ನುತ್ತಿತ್ತು. ಅದರೊಳಗೆ 349.31 ಜಿಬಿಯ ಒಂದು ಪಾರ್ಟಿಷನ್, ಅಂದರೆ ಡಿಸ್ಕಿನಲ್ಲಿ ಬೇರೆ ಮಾಡಿಟ್ಟ ಒಂದು ಭಾಗ. ಅದರ ಮೇಲೆ 'ರಾ' ಎಂಬ ಗುರುತು, ಅಂದರೆ ಒಳಗೇನಿದೆ ಎಂದು ವಿಂಡೋಸ್‌ಗೆ ಗೊತ್ತಾಗಿಲ್ಲ. ಉಳಿದ 397 ಜಿಬಿ ಖಾಲಿ ಜಾಗ. ಇದರ ಜೊತೆಗೆ, ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ತೆರೆಯ ಮಧ್ಯದಲ್ಲಿ ನಿಂತಿತ್ತು.

ಕ್ಯಾನ್ಸಲ್ ಒತ್ತಿದೆ. ಇಂಥ ಡಿಸ್ಕ್ ಕೈಗೆ ಬಂದಾಗ ಮೊದಲ ಕೆಲಸ ಅದೇ. ಫಾರ್ಮ್ಯಾಟ್ ಬೇಡ, ಇನಿಶಿಯಲೈಸ್ ಬೇಡ, ಡಿಸ್ಕ್ ಪರೀಕ್ಷಿಸಿ ತಿದ್ದುವ ಚೆಕ್‌ಡಿಸ್ಕ್ ಅಂತೂ ಬೇಡವೇ ಬೇಡ. ಅಳತೆಯೇ ತಪ್ಪಾಗಿ ಕಾಣುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಿದರೆ, ಅದು ತನಗೆ ಕಂಡ ತಪ್ಪು ಚಿತ್ರಕ್ಕೆ ಹೊಂದುವಂತೆ ಡೇಟಾವನ್ನೇ 'ಸರಿಪಡಿಸಲು' ಹೊರಡಬಹುದು.

ಡಿಸ್ಕ್ ಕುಂದಾಪುರದ ಗೆಳೆಯನದು. ಅವನು ವರ್ಷಗಳಿಂದ ಯಕ್ಷಗಾನ ರೆಕಾರ್ಡ್ ಮಾಡುತ್ತಿದ್ದಾನೆ. ದುಡ್ಡಿಗಲ್ಲ, ಪ್ರೀತಿಗೆ. ಬಯಲಾಟ ಇದ್ದಲ್ಲಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗಿ, ಚೌಕಿ ಪೂಜೆಯಿಂದ ಮಂಗಳದವರೆಗೆ ಕೂತು ಬರುತ್ತಾನೆ. ಸೆಕೆಂಡಿಗೆ 24 ಮೆಗಾಬಿಟ್ ಗುಣಮಟ್ಟದಲ್ಲಿ ಹಿಡಿದರೆ ಗಂಟೆಗೆ ಸುಮಾರು 11 ಜಿಬಿ ಆಗುತ್ತದೆ. ಒಂದು ಇಡೀ ರಾತ್ರಿಗೆ 85-90 ಜಿಬಿ. ಆ ಡಿಸ್ಕಿನಲ್ಲಿರುವ ಕೆಲವು ಭಾಗವತರು, ಕೆಲವು ವೇಷಧಾರಿಗಳು ಈಗ ನಮ್ಮ ಜೊತೆ ಇಲ್ಲ. ಆ ರಾತ್ರಿಗಳನ್ನು ಮತ್ತೆ ರೆಕಾರ್ಡ್ ಮಾಡಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಒಂದು ಬೈಟ್ ಕೂಡ ಬರೆಯದೆ, ಬರೀ ಓದುತ್ತಲೇ ಸಮಸ್ಯೆ ಹುಡುಕಬೇಕು ಎಂದು ಮೊದಲೇ ತೀರ್ಮಾನಿಸಿದೆ.

ಡಿಸ್ಕ್ ಮೊದಲು ಒಂದು ಎಕ್ಸ್‌ಟರ್ನಲ್ ಕೇಸ್ ಒಳಗಿತ್ತು. ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಆ ಕೇಸ್ ಸತ್ತಿತು. ಲೈಟ್ ಇಲ್ಲ, ಡಿಸ್ಕ್ ತಿರುಗುವ ಸದ್ದಿಲ್ಲ. ಅಡಾಪ್ಟರ್‌ಗೆ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿಯೇ ಬರುತ್ತಿತ್ತು. ಕೇಸ್ ಬಿಚ್ಚಿ ನೋಡಿದರೆ ಒಳಗಿನ ಚಿಕ್ಕ ಬೋರ್ಡಿನಲ್ಲಿ, ಪವರ್ ಪಿನ್ ಪಕ್ಕದಲ್ಲೇ ಒಂದು ಭಾಗ ಸುಟ್ಟು ಕಪ್ಪಾಗಿತ್ತು. ಒಳಗಿದ್ದ ಡಿಸ್ಕ್ ಮಾಮೂಲಿ 3.5 ಇಂಚಿನ ಸಾಟಾ ಡಿಸ್ಕ್. ಗೆಳೆಯ ಅದನ್ನು ತೆಗೆದು ತನ್ನ ಬಳಿ ಇದ್ದ ಹಳೆಯ ಯುಎಸ್‌ಬಿ ಡಾಕ್‌ಗೆ, ಅಂದರೆ ಬಿಡಿ ಡಿಸ್ಕನ್ನು ಯುಎಸ್‌ಬಿಯಿಂದ ಜೋಡಿಸುವ ಸ್ಟ್ಯಾಂಡಿಗೆ, ಹಾಕಿದ್ದ. ಆಗ ಕಂಡದ್ದೇ ಈ 746 ಜಿಬಿ. ಹಾಗೇ ಡಾಕ್ ಸಮೇತ ನನ್ನ ಹತ್ತಿರ ತಂದ. ಫಾರ್ಮ್ಯಾಟ್ ಒತ್ತದೆ ತಂದನಲ್ಲ, ಅರ್ಧ ಕೆಲಸ ಅಲ್ಲೇ ಆಗಿತ್ತು.

746 ಎಲ್ಲಿಂದ ಬಂತು

ಡಿಸ್ಕ್ ಕೆಟ್ಟರೆ ಅದರ ಅಳತೆ ಸುಮ್ನೆ ಕಡಿಮೆಯಾಗುವುದಿಲ್ಲ. ಓದಲು ಬರದ ಸೆಕ್ಟರ್‌ಗಳು ಜಾಸ್ತಿಯಾಗುತ್ತವೆ, ಸದ್ದು ಬರುತ್ತದೆ, ನಿಧಾನವಾಗುತ್ತದೆ. ಒಟ್ಟು ಅಳತೆಯೇ ಕಮ್ಮಿ ಕಂಡರೆ, ಬಹಳ ಸಲ ಯಾರೋ ಮಧ್ಯದಲ್ಲಿ ಲೆಕ್ಕ ತಪ್ಪಿದ್ದಾರೆ ಎಂದರ್ಥ. ಡೇಟಾ ಕೂರುವ ತಟ್ಟೆಯಿಂದ (ಪ್ಲ್ಯಾಟರ್) ನಮ್ಮ ತೆರೆಯವರೆಗೆ ಈ ಸಂಖ್ಯೆ ಹಲವರ ಕೈ ದಾಟಿ ಬರುತ್ತದೆ: ಡಿಸ್ಕಿನ ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್, ಡಿಸ್ಕಿಗೂ ಯುಎಸ್‌ಬಿಗೂ ನಡುವೆ ದುಭಾಷಿಯಂತಿರುವ ಡಾಕ್ ಒಳಗಿನ ಬ್ರಿಡ್ಜ್ ಚಿಪ್, ಯಾವ ಪಾರ್ಟಿಷನ್ ಎಲ್ಲಿಂದ ಎಷ್ಟು ಎಂದು ಬರೆದಿಟ್ಟ ಪಾರ್ಟಿಷನ್ ಟೇಬಲ್, ಫೈಲ್‌ಗಳ ಲೆಕ್ಕ ಇಡುವ ಫೈಲ್ ಸಿಸ್ಟಂ, ಕೊನೆಗೆ ವಿಂಡೋಸ್. ಒಬ್ಬೊಬ್ಬರು ಒಂದೊಂದು ರೀತಿ ತಪ್ಪುತ್ತಾರೆ. ತಪ್ಪಿದಾಗ ಬರುವ ಸಂಖ್ಯೆಯೂ ಬೇರೆ ಬೇರೆ. ಅದಕ್ಕೇ ನಾನು ಮೊದಲು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ, ಕ್ಯಾಲ್ಕುಲೇಟರ್ ಹಿಡಿಯುತ್ತೇನೆ.

ಡಿಸ್ಕ್ ತನ್ನ ಜಾಗವನ್ನು ಸೆಕ್ಟರ್‌ಗಳಲ್ಲಿ ಎಣಿಸುತ್ತದೆ. ಒಂದು ಸೆಕ್ಟರ್‌ಗೆ 512 ಬೈಟ್. 3 ಟಿಬಿ ಎಂದು ಮಾರುವ ಡಿಸ್ಕಿನಲ್ಲಿ ಸಾಮಾನ್ಯವಾಗಿ 5,86,05,33,168 ಸೆಕ್ಟರ್ ಇರುತ್ತವೆ. ಯಾವ ಕಂಪನಿಯದೇ ಇರಲಿ, ಇಷ್ಟೇ. ತಯಾರಕರೆಲ್ಲ ಒಂದೇ ಸೂತ್ರ ಒಪ್ಪಿಕೊಂಡಿದ್ದಾರೆ. ಹೀಗಾಗಿ ಒಂದು ಕಂಪನಿಯ ಡಿಸ್ಕ್ ಬದಲು ಇನ್ನೊಂದು ಕಂಪನಿಯದನ್ನು ರೇಡ್‌ನಲ್ಲಿ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಬಳಸುವ ವ್ಯವಸ್ಥೆ) ಹಾಕಿದರೂ ಅಳತೆ ಕೂಡಿ ಬರುತ್ತದೆ.

ಈಗ ಹಳೆಯ ಬ್ರಿಡ್ಜ್ ಚಿಪ್‌ಗಳ ವಿಷಯ. ಅವು ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ನಲ್ಲಿ ಇಟ್ಟುಕೊಳ್ಳುತ್ತವೆ. 32 ಬಿಟ್‌ನಲ್ಲಿ ಹಿಡಿಯುವುದು 4,29,49,67,296ರವರೆಗೆ ಮಾತ್ರ. ಅದಕ್ಕಿಂತ ದೊಡ್ಡ ಡಿಸ್ಕ್ ಬಂದರೆ, 'ಇದು ನನ್ನ ಲೆಕ್ಕಕ್ಕೆ ಸಿಗುವುದಿಲ್ಲ, ದೊಡ್ಡ ಕಮಾಂಡಿನಲ್ಲಿ ಕೇಳಿ' ಎಂದು ಕಂಪ್ಯೂಟರ್‌ಗೆ ತಿಳಿಸಬೇಕು. ಹಾಗೆ ತಿಳಿಸಲು ಬರದ ಚಿಪ್, ಮೇಲಿನ ಬಿಟ್‌ಗಳನ್ನು ಕೈಬಿಟ್ಟು ಉಳಿದದ್ದನ್ನು ಹೇಳಿಬಿಡುತ್ತದೆ. ಕಳೆದು ನೋಡಿ. 5,86,05,33,168ರಲ್ಲಿ 4,29,49,67,296 ಹೋದರೆ ಉಳಿಯುವುದು 1,56,55,65,872. ಇದನ್ನು 512ರಿಂದ ಗುಣಿಸಿ, ವಿಂಡೋಸ್ ಲೆಕ್ಕದ ಜಿಬಿಗೆ ತಂದರೆ 746.52.

ದಶಮಾಂಶವೂ ಸೇರಿ ಅದೇ ಸಂಖ್ಯೆ! ಇನ್ನು ಅನುಮಾನವಿಲ್ಲ. ಡಿಸ್ಕ್ ಸರಿಯಾಗಿದೆ, ಡಾಕ್ ಹಳೆಯದು. 2 ಟಿಬಿಯವರೆಗಿನ ಡಿಸ್ಕ್‌ಗಳಿಗೆ ಆ ಡಾಕ್ ಇನ್ನೂ ಚೆನ್ನಾಗಿಯೇ ನಡೆಯುತ್ತದೆ, ಎಸೆಯಬೇಕಾಗಿಲ್ಲ. 2 ಟಿಬಿಯಲ್ಲಿ ಸೆಕ್ಟರ್‌ಗಳು 390 ಕೋಟಿ ಚಿಲ್ಲರೆ, 32 ಬಿಟ್ ಒಳಗೇ ಕೂರುತ್ತದೆ. ಅದೇ ಡಾಕ್‌ನಲ್ಲಿ 4 ಟಿಬಿ ಡಿಸ್ಕ್ ಹಾಕಿದರೆ 1.63 ಟಿಬಿ ಕಾಣುತ್ತದೆ.

ಡಾಕ್ ಪಕ್ಕಕ್ಕಿಟ್ಟು, ಡೆಸ್ಕ್‌ಟಾಪ್ ಆಫ್ ಮಾಡಿ, ಡಿಸ್ಕನ್ನು ನೇರವಾಗಿ ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಹಾಕಿದೆ. ವಿಂಡೋಸ್ ಬೂಟ್ ಮಾಡಲಿಲ್ಲ, ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಲೈವ್ ಯುಎಸ್‌ಬಿಯಿಂದ ಶುರು ಮಾಡಿದೆ. ಅದರಲ್ಲೂ ಮೊದಲು ಆಟೋಮೌಂಟ್ (ಡಿಸ್ಕನ್ನು ತಾನಾಗಿಯೇ ತೆರೆಯುವುದು) ನಿಲ್ಲಿಸಿದೆ, ಬ್ಲಾಕ್‌ಡೆವ್ ಕಮಾಂಡ್ ಕೊಟ್ಟು ಇಡೀ ಡಿಸ್ಕನ್ನು ರೀಡ್-ಓನ್ಲಿ ಮಾಡಿದೆ. ಆಮೇಲೆ ಡಿಸ್ಕಿನ ಆರೋಗ್ಯದ ವರದಿ (ಸ್ಮಾರ್ಟ್) ಓದುವ ಸ್ಮಾರ್ಟ್‌ಸಿಟಿಎಲ್‌ನಿಂದ ಡಿಸ್ಕನ್ನೇ ನೇರವಾಗಿ ಕೇಳಿದೆ. ಉತ್ತರ: 30,00,59,29,82,016 ಬೈಟ್. ಪೂರ್ತಿ 3 ಟಿಬಿ. ಕೆಟ್ಟು ಬದಲಾಯಿಸಿದ (ರೀಅಲೊಕೇಟೆಡ್) ಸೆಕ್ಟರ್ ಸೊನ್ನೆ, ಕೆಟ್ಟಿರಬಹುದು ಎಂಬ ಅನುಮಾನದ (ಪೆಂಡಿಂಗ್) ಸೆಕ್ಟರ್ ಸೊನ್ನೆ. ಸಿಡಿಲು ಕೇಸಿನ ಬೋರ್ಡನ್ನು ಸುಟ್ಟಿತ್ತು, ಡಿಸ್ಕನ್ನು ಮುಟ್ಟಿರಲಿಲ್ಲ. ಗೆಳೆಯನಿಗೆ ಫೋನ್ ಮಾಡಿ ಇಷ್ಟನ್ನು ಮೊದಲು ಹೇಳಿದೆ.

ಆದರೆ ಫೈಲ್‌ಗಳು ಇನ್ನೂ ಕಾಣುತ್ತಿರಲಿಲ್ಲ. ಡಿಸ್ಕ್ 2.7 ಟಿಬಿ (ಲೇಬಲ್ಲಿನ 3 ಟಿಬಿಯೇ, 1024ರ ಲೆಕ್ಕದಲ್ಲಿ), ಅದರೊಳಗಿನ ಪಾರ್ಟಿಷನ್ ಮಾತ್ರ ಅದೇ 349.3 ಜಿಬಿ. ಮೌಂಟ್ ಮಾಡಿದರೆ, ಅಂದರೆ ತೆರೆಯಲು ಹೋದರೆ, ವಿಂಡೋಸ್ ಬಳಸುವ ಫೈಲ್ ಸಿಸ್ಟಂ ಆದ ಎನ್‌ಟಿಎಫ್‌ಎಸ್ ಸಿಗಲಿಲ್ಲ ಎಂಬ ಉತ್ತರ. ಅಂದರೆ ಡಾಕ್‌ನ ತಪ್ಪು ಒಂದು, ಅದರ ಅಡಿಯಲ್ಲಿ ಇನ್ನೊಂದು.

349 ಮತ್ತು ಎಂಟರ ಲೆಕ್ಕ

ಮತ್ತೆ ಕ್ಯಾಲ್ಕುಲೇಟರ್. 2794.52 ಜಿಬಿಯ ಡಿಸ್ಕ್, 349.31 ಜಿಬಿಯ ಪಾರ್ಟಿಷನ್. ಭಾಗಿಸಿದರೆ ಸರಿಯಾಗಿ 8. ಎಂಟು ಎಂದರೆ 4096 ಭಾಗಿಸು 512. ಸೆಕ್ಟರ್ ಅಳತೆಯೇ ಬದಲಾಗಿದೆ ಎಂದು ಅಲ್ಲಿಗೆ ಗೊತ್ತಾಯಿತು.

ಇದರ ಹಿಂದೆ ಒಂದು ಕಾರಣ ಇದೆ. 2010ರ ಸುಮಾರಿಗೆ 3 ಟಿಬಿ ಡಿಸ್ಕ್‌ಗಳು ಬಂದಾಗ ಬಹಳ ಜನರ ಮನೆಯಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಇತ್ತು. ಎಕ್ಸ್‌ಪಿಗೆ ಗೊತ್ತಿದ್ದದ್ದು ಹಳೆಯ ಎಂಬಿಆರ್ ಪಾರ್ಟಿಷನ್ ಟೇಬಲ್. ಎಂಬಿಆರ್ ಕೂಡ ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ನಲ್ಲಿ ಬರೆಯುತ್ತದೆ. ಸೆಕ್ಟರ್‌ಗೆ 512 ಬೈಟ್ ಎಂದರೆ 2.2 ಟಿಬಿಗೆ ಎಂಬಿಆರ್ ಮುಗಿಯಿತು. ಎಕ್ಸ್‌ಟರ್ನಲ್ ಡಿಸ್ಕ್ ಮಾಡುವವರು ಇದಕ್ಕೆ ಒಂದು ದಾರಿ ಕಂಡುಕೊಂಡರು. ಕೇಸಿನ ಬ್ರಿಡ್ಜ್ ಚಿಪ್ ಎಂಟೆಂಟು ಸೆಕ್ಟರ್‌ಗಳನ್ನು ಒಟ್ಟುಗೂಡಿಸಿ, ನನ್ನ ಸೆಕ್ಟರ್ 4096 ಬೈಟಿನದು ಎಂದು ಕಂಪ್ಯೂಟರ್‌ಗೆ ಹೇಳುತ್ತದೆ. ಆಗ ಎಂಬಿಆರ್ 17.6 ಟಿಬಿವರೆಗೂ ನಡೆಯುತ್ತದೆ, ಎಕ್ಸ್‌ಪಿಗೂ ತೊಂದರೆಯಿಲ್ಲ. ಒಳ್ಳೆಯ ಉಪಾಯವೇ. ಆದರೆ ಕೇಸ್ ಇರುವವರೆಗೆ ಮಾತ್ರ. ಡಿಸ್ಕನ್ನು ಹೊರಗೆ ತೆಗೆದು ಬೇರೆ ಕಡೆ ಹಾಕಿದರೆ ಅದು 512 ಎನ್ನುತ್ತದೆ. ಪಾರ್ಟಿಷನ್ ಟೇಬಲ್‌ನಲ್ಲಿ ಬರೆದಿಟ್ಟ ಸಂಖ್ಯೆಗಳು ಹಾಗೇ ಇರುತ್ತವೆ, ಅವುಗಳ ಅರ್ಥ ಮಾತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಪಾರ್ಟಿಷನ್ ಚಿಕ್ಕದಾಗಿ ಕಾಣುತ್ತದೆ. ಅದು ಶುರುವಾಗುವ ಜಾಗವೂ ತಪ್ಪಾಗುತ್ತದೆ, ಹಾಗಾಗಿ ಅಲ್ಲಿ ಫೈಲ್ ಸಿಸ್ಟಂ ಸಿಗುವುದಿಲ್ಲ.

ಇಷ್ಟು ಊಹೆ. ಊಹೆಯನ್ನೇ ನಂಬಿ ಮುಂದೆ ಹೋಗಬಾರದು, ಡಿಸ್ಕಿನಲ್ಲೇ ಸಾಕ್ಷಿ ನೋಡಬೇಕು. ಮೊದಲ ಸೆಕ್ಟರನ್ನು ಹೆಕ್ಸ್‌ಡಂಪ್ ಮಾಡಿದೆ, ಅಂದರೆ ಅದರ ಬೈಟ್‌ಗಳನ್ನು ಹದಿನಾರರ ಲೆಕ್ಕದ (ಹೆಕ್ಸ್) ಅಂಕಿಗಳಲ್ಲಿ ನೋಡಿದೆ. ಕೊನೆಯ ಎರಡು ಬೈಟ್ 55 ಎಎ, ಎಂಬಿಆರ್ ಸರಿಯಾಗಿದೆ. 446ನೇ ಬೈಟಿನಿಂದ ಮೊದಲ ಪಾರ್ಟಿಷನ್ನಿನ ವಿವರ ಶುರು. ವಿಧ 07, ಅಂದರೆ ಎನ್‌ಟಿಎಫ್‌ಎಸ್. ಶುರುವಾಗುವ ಸೆಕ್ಟರ್ ಇದ್ದ ಕಡೆ 00 01 00 00. ಇದನ್ನು ಹಿಂದಿನಿಂದ ಓದಬೇಕು, 256 ಎಂದಾಗುತ್ತದೆ.

256 ಅನ್ನು 512ರಿಂದ ಗುಣಿಸಿದರೆ 1,31,072. ಆ ಬೈಟಿಗೆ ಹೋಗಿ ನೋಡಿದೆ, ಬರೀ ಸೊನ್ನೆಗಳು. 256 ಅನ್ನು 4096ರಿಂದ ಗುಣಿಸಿದರೆ 10,48,576. ಸರಿಯಾಗಿ ಒಂದು ಎಂಬಿ, ವಿಂಡೋಸ್ ಪಾರ್ಟಿಷನ್‌ಗಳು ಸಾಮಾನ್ಯವಾಗಿ ಶುರುವಾಗುವ ಜಾಗ. ಅಲ್ಲಿ ನೋಡಿದರೆ ಮೂರನೇ ಬೈಟಿನಿಂದಲೇ ಎನ್‌ಟಿಎಫ್‌ಎಸ್ ಎಂಬ ಅಕ್ಷರಗಳು ಎದ್ದು ಕಂಡವು. 11ನೇ ಬೈಟಿನಲ್ಲಿ ಫೈಲ್ ಸಿಸ್ಟಂ ತನ್ನ ಸೆಕ್ಟರ್ ಅಳತೆಯನ್ನು ತಾನೇ ಬರೆದುಕೊಂಡಿರುತ್ತದೆ. ಅಲ್ಲಿದ್ದದ್ದು 00 10, ಅಂದರೆ 4096. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ನನಗೆ ಈ ಇಡೀ ಕೆಲಸದಲ್ಲಿ ಅತಿ ಖುಷಿ ಕೊಟ್ಟದ್ದು ಆ ಎರಡು ಬೈಟ್.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕೆಲವು ಎಕ್ಸ್‌ಟರ್ನಲ್ ಕೇಸ್‌ಗಳ ಚಿಪ್ ಡೇಟಾವನ್ನು ತಾನೇ ಎನ್‌ಕ್ರಿಪ್ಟ್ ಮಾಡಿ ಬರೆಯುತ್ತದೆ. ನಾವು ಪಾಸ್‌ವರ್ಡ್ ಇಟ್ಟಿರದಿದ್ದರೂ ಹಾಗೆ ಮಾಡುವವು ಇವೆ. ಅಂಥ ಡಿಸ್ಕ್ ಹೊರಗೆ ತೆಗೆದರೆ ಮೊದಲ ಸೆಕ್ಟರ್‌ನಲ್ಲೇ ಅರ್ಥವಿಲ್ಲದ ಬೈಟ್‌ಗಳು ಕಾಣುತ್ತವೆ. 55 ಎಎ ಕೂಡ ಇರುವುದಿಲ್ಲ. ಅಂಥದಕ್ಕೆ ಮುಂದಿನ ದಾರಿ ನಡೆಯುವುದಿಲ್ಲ. ಅದೇ ಮಾದರಿಯ ಕೇಸ್ ಅಥವಾ ಬೋರ್ಡ್ ಹುಡುಕಬೇಕು, ಸುಟ್ಟ ಬೋರ್ಡನ್ನೂ ಎಸೆಯದೆ ಇಟ್ಟುಕೊಳ್ಳಬೇಕು. ನಮ್ಮದರಲ್ಲಿ ಎಲ್ಲ ತೆರೆದೇ ಇತ್ತು.

ಈಗ ಸತ್ತ ಕೇಸ್ ಮಾಡುತ್ತಿದ್ದ ಕೆಲಸವನ್ನು ಸಾಫ್ಟ್‌ವೇರ್‌ನಿಂದ ಮಾಡಿಸಬೇಕು. ಲಿನಕ್ಸ್‌ನಲ್ಲಿ ಇದು ಒಂದೇ ಸಾಲಿನ ಕೆಲಸ. ಲೋಸೆಟಪ್ ಎಂಬ ಕಮಾಂಡ್ ಯಾವುದೇ ಡಿಸ್ಕಿನ ಮೇಲೆ ಒಂದು ಲೂಪ್ ಡಿವೈಸ್ ಕೂರಿಸುತ್ತದೆ. ಅದಕ್ಕೆ ರೀಡ್-ಓನ್ಲಿ ಎಂದು ಹೇಳಿದೆ, ಸೆಕ್ಟರ್ ಸೈಜ್ 4096 ಎಂದು ಹೇಳಿದೆ, ಪಾರ್ಟಿಷನ್‌ಗಳನ್ನು ಹುಡುಕು ಎಂದು ಹೇಳಿದೆ. ಸೆಕ್ಟರ್ ಸೈಜ್ ಆಯ್ಕೆ ತೀರಾ ಹಳೆಯ ಲಿನಕ್ಸ್‌ನಲ್ಲಿ ಇರುವುದಿಲ್ಲ, ಹಾಗಾಗಿ ಲೈವ್ ಯುಎಸ್‌ಬಿ ಈಚಿನದಾಗಿದ್ದರೆ ಒಳ್ಳೆಯದು. ಎಂಟರ್ ಒತ್ತಿ ಮತ್ತೆ ಪಟ್ಟಿ ನೋಡಿದೆ. ಲೂಪ್ ಡಿವೈಸಿನ ಅಡಿಯಲ್ಲಿ ಒಂದು ಪಾರ್ಟಿಷನ್, 2.7 ಟಿಬಿ. ಮೌಂಟ್ ಮಾಡಿದೆ, ರೀಡ್-ಓನ್ಲಿಯಾಗಿಯೇ. ಕರೆಂಟ್ ತಟ್ಟನೆ ಹೋಗಿದ್ದರಿಂದ ಫೈಲ್ ಸಿಸ್ಟಂ ಸರಿಯಾಗಿ ಮುಚ್ಚಿಲ್ಲ ಎಂಬ ಎಚ್ಚರಿಕೆ ಬಂತು. ಓದಲು ಅದರಿಂದ ಅಡ್ಡಿಯಿಲ್ಲ.

ಫೋಲ್ಡರ್‌ಗಳು ಬಂದವು. ವರ್ಷದ ಪ್ರಕಾರ, ಮೇಳದ ಪ್ರಕಾರ, ಗೆಳೆಯ ಜೋಡಿಸಿಟ್ಟ ಹಾಗೇ. ಒಂದು ಫೈಲ್ ತೆರೆದೆ. ಚೆಂಡೆಯ ಸದ್ದು ಬಂತು. ಇನ್ನೊಂದು, ಡಿಸ್ಕಿನ ಕೊನೆಯ ಕಡೆಗಿದ್ದ ಹೊಸ ಫೈಲ್, ಅದನ್ನೂ ತೆರೆದೆ. ಕೊನೆಯದನ್ನು ನೋಡುವುದು ಮುಖ್ಯ. ಅಳತೆಯ ತೊಂದರೆ ಇರುವಾಗ ಮೊದಲಿನ ಫೈಲ್‌ಗಳು ಚೆನ್ನಾಗಿದ್ದು, ಗಡಿ ದಾಟಿದ ಮೇಲಿನವು ಕೆಟ್ಟಿರಬಹುದು. ಎರಡೂ ಚೆನ್ನಾಗಿದ್ದವು.

ಎಂಬಿಆರ್‌ನ ಸಂಖ್ಯೆಗಳನ್ನು ಎಂಟರಿಂದ ಗುಣಿಸಿ ಅಲ್ಲೇ ತಿದ್ದಬಹುದಲ್ವಾ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ಗುಣಿಸಿದರೆ 586 ಕೋಟಿ ಬರುತ್ತದೆ, 32 ಬಿಟ್‌ಗೆ ಅದು ಹಿಡಿಯುವುದಿಲ್ಲ. ಎಂಬಿಆರ್ ಬದಲು ದೊಡ್ಡ ಸಂಖ್ಯೆ ಹಿಡಿಯುವ ಹೊಸ ಬಗೆಯ ಜಿಪಿಟಿ ಟೇಬಲ್ ಬರೆದರೂ ಒಳಗಿನ ಎನ್‌ಟಿಎಫ್‌ಎಸ್ ತನ್ನ ಸೆಕ್ಟರ್ 4096 ಎಂದೇ ಹೇಳುತ್ತಿರುತ್ತದೆ, ವಿಂಡೋಸ್ ಒಪ್ಪುವುದಿಲ್ಲ. ಡೇಟಾವನ್ನು ಬೇರೆ ಡಿಸ್ಕಿಗೆ ತೆಗೆಯುವುದೇ ಸರಿಯಾದ ದಾರಿ. ಸ್ಮಾರ್ಟ್ ವರದಿ ಕೆಟ್ಟದಾಗಿದ್ದಿದ್ದರೆ ಮೊದಲು ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕಿನ ನಕಲು ತೆಗೆದು, ಆ ನಕಲಿನ ಮೇಲೆ ಇದನ್ನೆಲ್ಲ ಮಾಡುತ್ತಿದ್ದೆ. ಇಲ್ಲಿ ಅಗತ್ಯ ಬೀಳಲಿಲ್ಲ.

ಹೊಸ ಡಿಸ್ಕ್, ಹಳೆಯ ದೂರು

ಗೆಳೆಯ 4 ಟಿಬಿಯ ಹೊಸ ಡಿಸ್ಕ್ ತಂದ. ಅದಕ್ಕೆ ಜಿಪಿಟಿ ಹಾಕಿ ಎನ್‌ಟಿಎಫ್‌ಎಸ್ ಮಾಡಿದೆ. ಕಾಪಿ ಮಾಡಲು ಆರ್‌ಸಿಂಕ್ ಹಚ್ಚಿದೆ. ಶುರುವಿನಲ್ಲಿ ಸೆಕೆಂಡಿಗೆ 150 ಎಂಬಿ ಓಡುತ್ತಿದ್ದದ್ದು ಕೊನೆ ಕೊನೆಗೆ 90ರ ಹತ್ತಿರ ಇಳಿಯಿತು. ಗಾಬರಿ ಬೇಡ, ಪ್ಲ್ಯಾಟರ್‌ನ ಹೊರ ಅಂಚಿನ ಟ್ರ್ಯಾಕ್ ಉದ್ದ, ಒಳಗಿನದು ಗಿಡ್ಡ. ಎಲ್ಲ ಡಿಸ್ಕ್‌ಗಳೂ ಹೀಗೇ. ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೈಲ್‌ಗಳ ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿದೆ. ಇದಕ್ಕೆ ಕಾಪಿಯಷ್ಟೇ ಹೊತ್ತು ಬೇಕು. ಆದರೂ ಬಿಡಬಾರದು, ಈ ರೆಕಾರ್ಡಿಂಗ್‌ಗಳಿಗೆ ಬೇರೆ ಪ್ರತಿ ಇರಲಿಲ್ಲ.

ಹೊಸ ಡಿಸ್ಕನ್ನು ವಿಂಡೋಸ್‌ನಲ್ಲಿ ತೆರೆದ ಗೆಳೆಯನ ಮೊದಲ ಮಾತು: "4 ಟಿಬಿಗೆ ದುಡ್ಡು ಕೊಟ್ಟಿದ್ದೇನೆ, ಇದು 3.63 ತೋರಿಸ್ತಿದೆ. ಇದೂ ಹಾಳಾ?"

ಹಾಳಲ್ಲ. ಕುಂದಾಪುರದ ಕಡೆ ಒಂದು ಎಕರೆಯನ್ನು 100 ಸೆಂಟ್ಸ್ ಎನ್ನುತ್ತಾರೆ. ಘಟ್ಟ ಹತ್ತಿ ಶಿವಮೊಗ್ಗಕ್ಕೆ ಹೋದರೆ ಅದೇ ಎಕರೆ 40 ಗುಂಟೆ. ಜಾಗ ಅಷ್ಟೇ, ಅಳೆಯುವ ಘಟಕ ಬೇರೆ. ಡಿಸ್ಕ್ ಮಾಡುವವರ ಟಿಬಿ ಎಂದರೆ ಸಾವಿರವನ್ನು ನಾಲ್ಕು ಸಲ ಗುಣಿಸಿದ್ದು, ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್‌ನ ಟಿಬಿ ಎಂದರೆ 1024 ಅನ್ನು ನಾಲ್ಕು ಸಲ ಗುಣಿಸಿದ್ದು. ಅದು ಸುಮಾರು ಶೇ. 10ರಷ್ಟು ದೊಡ್ಡದು. ಈ ದೊಡ್ಡ ಘಟಕಕ್ಕೆ 1998ರಲ್ಲೇ ಟೆಬಿಬೈಟ್ ಎಂಬ ಬೇರೆ ಹೆಸರು ಕೊಟ್ಟರು. ವಿಂಡೋಸ್ ಮಾತ್ರ ಅದನ್ನು ಟಿಬಿ ಎಂದೇ ಬರೆಯುತ್ತದೆ. ಆ್ಯಪಲ್ 2009ರಿಂದ ಮ್ಯಾಕ್‌ನಲ್ಲಿ ಸಾವಿರದ ಲೆಕ್ಕಕ್ಕೆ ಬಂದಿದೆ, ಅಲ್ಲಿ ಇದೇ ಡಿಸ್ಕ್ 4 ಟಿಬಿ ಎಂದೇ ಕಾಣುತ್ತದೆ. 500 ಜಿಬಿ ಎಂದರೆ ವಿಂಡೋಸ್‌ನಲ್ಲಿ 465, 1 ಟಿಬಿ ಎಂದರೆ 931 ಜಿಬಿ, 2 ಟಿಬಿ ಎಂದರೆ 1863 ಜಿಬಿ. ಈ ಸಂಖ್ಯೆಗಳು ಕಂಡರೆ ಡಿಸ್ಕ್ ಪೂರ್ತಿ ಇದೆ, ನಿಶ್ಚಿಂತೆಯಿಂದ ಬಳಸಿ.

ಬೇರೆ ಸಂಖ್ಯೆ ಕಂಡರೆ ಅದಕ್ಕೂ ಒಂದು ಕಾರಣ ಇರುತ್ತದೆ. ಸರಿಯಾಗಿ 2048 ಜಿಬಿ ಬಳಕೆಗೆ ಸಿಕ್ಕು ಉಳಿದದ್ದು ಮುಟ್ಟಲು ಬಾರದೆ ಕೂತಿದ್ದರೆ ಅದು ಎಂಬಿಆರ್ ಗಡಿ, ಡಿಸ್ಕ್ ಖಾಲಿ ಇದ್ದರೆ ಜಿಪಿಟಿಗೆ ಬದಲಿಸಿದರೆ ಮುಗಿಯಿತು. ಸಾಟಾಕ್ಕೂ ಮುಂಚಿನ ಐಡಿಇ ಡಿಸ್ಕ್ 128 ಜಿಬಿಗೆ ನಿಂತರೆ ಅದು 28 ಬಿಟ್ ಲೆಕ್ಕದ ಕಾಲದ್ದು. ಸರ್ವಿಸ್ ಪ್ಯಾಕ್ 1 ಹಾಕದ ಎಕ್ಸ್‌ಪಿಯಲ್ಲೂ ಹೀಗೇ ಆಗುತ್ತಿತ್ತು. ಅದಕ್ಕೂ ಹಳೆಯ ಡಿಸ್ಕ್ 32 ಜಿಬಿ ಆಸುಪಾಸು ತೋರಿಸಿದರೆ ಡಿಸ್ಕಿನ ಹಿಂಬದಿಯ ಜಂಪರ್ (ಪಿನ್‌ಗಳನ್ನು ಜೋಡಿಸುವ ಚಿಕ್ಕ ಕೊಂಡಿ) ನೋಡಿ. ಹಳೆಯ ಬಯಾಸ್‌ಗಳು (ಕಂಪ್ಯೂಟರ್ ಶುರು ಮಾಡುವ ಮದರ್‌ಬೋರ್ಡಿನ ಸಾಫ್ಟ್‌ವೇರ್) ತಬ್ಬಿಬ್ಬಾಗದಿರಲಿ ಎಂದು ಅಳತೆ ಮೊಟಕು ಮಾಡುವ ಜಂಪರ್ ಇರುತ್ತಿತ್ತು.

ಇವೆಲ್ಲದರಲ್ಲಿ ನೋಡಿದವರನ್ನು ಜಾಸ್ತಿ ಹೆದರಿಸುವುದು ಇನ್ನೊಂದು. 1 ಟಿಬಿ ಡಿಸ್ಕ್ 33 ಎಂಬಿ ತೋರಿಸುತ್ತದೆ. ಜಿಬಿ ಅಲ್ಲ, ಎಂಬಿ. ಅಂಥದೊಂದು ಹಿಂದೆ ನನ್ನ ಕೈಗೆ ಬಂದಿತ್ತು. ಕೆಲವು ಮದರ್‌ಬೋರ್ಡ್‌ಗಳು ತಮ್ಮ ಬಯಾಸ್‌ನ ಪ್ರತಿಯೊಂದನ್ನು ಡಿಸ್ಕಿನ ಕೊನೆಯಲ್ಲಿ ಬಚ್ಚಿಡುತ್ತಿದ್ದವು. ಹಾಗೆ ಬಚ್ಚಿಡಲು ಎಚ್‌ಪಿಎ ಎಂಬ ವ್ಯವಸ್ಥೆ ಇದೆ, 'ನಿನ್ನ ಕೊನೆಯ ಸೆಕ್ಟರ್ ಇದು, ಇದರಾಚೆ ಯಾರಿಗೂ ತೋರಿಸಬೇಡ' ಎಂದು ಡಿಸ್ಕಿಗೇ ಹೇಳುವುದು. ಆ ಲೆಕ್ಕ ದೊಡ್ಡ ಡಿಸ್ಕಿನಲ್ಲಿ ತಪ್ಪಿದರೆ ಇಡೀ ಡಿಸ್ಕೇ ಮರೆಯಾಗುತ್ತದೆ. ಇಲ್ಲಿ ಸ್ಮಾರ್ಟ್‌ಸಿಟಿಎಲ್ ಕೂಡ ಚಿಕ್ಕ ಸಂಖ್ಯೆಯನ್ನೇ ಹೇಳಬಹುದು, ಯಾಕೆಂದರೆ ಡಿಸ್ಕ್ ಸ್ವತಃ ಅದನ್ನು ನಂಬಿದೆ. ಲಿನಕ್ಸ್‌ನ ಎಚ್‌ಡಿಪಾರ್ಮ್ ಕಮಾಂಡಿನ ದೊಡ್ಡಕ್ಷರ ಎನ್ ಆಯ್ಕೆ ಎರಡು ಸಂಖ್ಯೆಗಳನ್ನು ತೋರಿಸುತ್ತದೆ: ಈಗ ಕಾಣುವ ಸೆಕ್ಟರ್‌ಗಳು, ನಿಜವಾಗಿ ಇರುವ ಸೆಕ್ಟರ್‌ಗಳು. 1 ಟಿಬಿಗೆ ಎರಡನೆಯದು 1,95,35,25,168 ಇರಬೇಕು. ಮೊದಲನೆಯದು ಬೇರೆ ಇದ್ದರೆ ಅದೇ ಆಯ್ಕೆಯಿಂದ ಪೂರ್ತಿ ಸಂಖ್ಯೆಯನ್ನು ಮೊದಲು ತಾತ್ಕಾಲಿಕವಾಗಿ ಕೊಟ್ಟು ನೋಡಬೇಕು, ಡೇಟಾ ಕಂಡರೆ ತೆಗೆದಿಟ್ಟುಕೊಂಡು ಆಮೇಲೆ ಕಾಯಂ ಮಾಡಬೇಕು. ಯುಎಸ್‌ಬಿ ಮೂಲಕ ಈ ಕಮಾಂಡ್ ಹಲವು ಸಲ ಡಿಸ್ಕಿಗೆ ತಲುಪುವುದೇ ಇಲ್ಲ, ನೇರ ಸಾಟಾ ಬೇಕು. ಸರಿಯಾದ ಮೇಲೆ ಡಿಸ್ಕನ್ನು ಅದೇ ಮದರ್‌ಬೋರ್ಡಿಗೆ ವಾಪಸ್ ಹಾಕುವ ಮುಂಚೆ ಆ ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡಿ.

ಗೆಳೆಯನ 3 ಟಿಬಿ ಡಿಸ್ಕಿಗೆ ಮರಳಿದರೆ, ಚೆಕ್‌ಸಮ್‌ಗಳು ಕೂಡಿ ಬಂದ ಮೇಲೆ ಅದರ ಎಂಬಿಆರ್ ಅಳಿಸಿ ಜಿಪಿಟಿ ಹಾಕಿದೆ. 512ರ ಲೆಕ್ಕದಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಿ, ಎಲ್ಲ ರೆಕಾರ್ಡಿಂಗ್‌ಗಳನ್ನು 4 ಟಿಬಿಯಿಂದ ವಾಪಸ್ ತುಂಬಿಸಿದೆ. ಈಗ ಎರಡು ಪ್ರತಿ. ಹಳೆಯ ಡಿಸ್ಕಿಗೆ ಹೊಸ ಕೇಸ್ ಕೊಳ್ಳುವಾಗ ಸೆಕ್ಟರ್ ಅಳತೆ ಬದಲಿಸದ ಕೇಸನ್ನೇ ಆರಿಸಿದೆ. ಅಂಗಡಿಯಲ್ಲೇ ಹಾಕಿ ನೋಡಿದೆವು, ವಿಂಡೋಸ್‌ನ ಸಿಸ್ಟಂ ಇನ್‌ಫರ್ಮೇಷನ್‌ನಲ್ಲಿ ಸೆಕ್ಟರ್‌ಗೆ 512 ಬೈಟ್ ಎಂದೇ ಬಂತು. ನಾಳೆ ಈ ಕೇಸ್ ಸತ್ತರೂ ಡಿಸ್ಕನ್ನು ಯಾವ ಕಂಪ್ಯೂಟರ್‌ಗೆ ಬೇಕಾದರೂ ನೇರವಾಗಿ ಹಾಕಿ ಓದಬಹುದು. ಡಿಸ್ಕಿನ ಮೇಲೊಂದು ಚೀಟಿ ಅಂಟಿಸಿದ್ದೇನೆ: ಜಿಪಿಟಿ, 512, 2794.52 ಜಿಬಿ. 4 ಟಿಬಿಯದು ಅವನ ಮನೆಯಲ್ಲಿದೆ, ಇದು ಅವನ ಅಕ್ಕನ ಮನೆಯಲ್ಲಿ.